ಮುರುಗಲು, ವಾಟೆ, ಉಪ್ಪಾಗೆ, ಜೋನಿಬೆಲ್ಲ, ತೆಪ್ಪಲ: ಬೇರೆ ಊರಿನ ಅಡುಗೆಗೆ ನಮ್ಮ ಕಡೆ ಸಾಮಾನು ಹಾಕಿ ನೋಡಿದ್ದು

ಪೂರ್ತಿ ಓದೋಕೆ ಟೈಮಿಲ್ಲ ಅನ್ನೋರಿಗೆ ಮೊದ್ಲೇ ಹೇಳಿಬಿಡ್ತೇನೆ. ವಾಟೆಹುಳಿ ಮತ್ತೆ ಉಪ್ಪಾಗೆ, ಅಡುಗೆಗೆ ಹಾಕೋ ಈ ಎರಡು ಒಣ ಹುಳಿನೂ ಯೋಚ್ನೆ ಮಾಡ್ದೆ ತಗೊಳ್ಳಿ. ಮುರುಗಲು, ಅಂದ್ರೆ ಕೋಕಂ, ಒಳ್ಳೇದೇ, ಆದ್ರೆ ಕೈಲಿ ಹಿಡ್ದು ಮೂಸಿ ನೋಡಿ ತಗೋಬೇಕು. ಜೋನಿಬೆಲ್ಲ, ಅಂದ್ರೆ ಪಾಕದ ಥರ ಇರೋ ನೀರು ಬೆಲ್ಲ, ಆಲೆಮನೆ ಸೀಸನ್ನಲ್ಲಿ ತಗೊಂಡ್ರೆ ಮಾತ್ರ ಕೊಟ್ಟ ದುಡ್ಡಿಗೆ ಮೋಸ ಇಲ್ಲ. ತೆಪ್ಪಲ ಅನ್ನೋ ನಾಲಿಗೆ ಜುಂ ಅನ್ಸೋ ಮಸಾಲೆ ಕಾಳು ಎಲ್ರಿಗೂ ಹಿಡಿಸೋದಿಲ್ಲ, ಹಿಡಿಸಿದವ್ರು ಬಿಡೋದೂ ಇಲ್ಲ.

ನಾವಿರೋದು ಕಾರವಾರದಲ್ಲಿ. ಮನೆಲಿ ದಿನಾ ಅನ್ನ, ಮೀನು ಸಾರು, ಒಂದು ಪಲ್ಯ ಇಷ್ಟೇ, ಆದ್ರೆ ನಂಗೆ ಬೇರೆ ಬೇರೆ ಕಡೆ ಅಡುಗೆ ಮಾಡಿ ನೋಡೋ ಆಸೆ ಜಾಸ್ತಿ, ಕೇರಳದ್ದು, ಪಂಜಾಬಿದು, ಚೀನಾದ್ದು, ಕೇಕು ಎಲ್ಲ. ಪ್ರತಿ ರೆಸಿಪಿಲೂ ಒಂದು ಸಾಮಾನು ಇರ್ತದೆ, ಇಲ್ಲಿ ಸಿಗೋದೇ ಇಲ್ಲ, ಇಲ್ಲಾಂದ್ರೆ ಸೂಪರ್ ಮಾರ್ಕೆಟಲ್ಲಿ ಬೆರಳುದ್ದ ಬಾಟ್ಲಿಗೆ ಅರ್ಧ ಕೆಜಿ ಇಸ್ವಾಣ ಮೀನಿನ ರೇಟು. ಅದಕ್ಕೆ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋದಾಗೆಲ್ಲ ಪೇಟೆಲಿ ಹಳ್ಳಿ ಮನೆಗಳಿಂದ ಬಂದ ಸಾಮಾನು ಮಾರೋ ಸಣ್ಣ ಅಂಗಡಿಗಳಿಂದ ಒಂದು ಚೀಲ ತುಂಬ್ಸಿಕೊಂಡು ಬರ್ತೇನೆ, ಸ್ವಲ್ಪ ನಮ್ಮ ಭಾನುವಾರದ ಸಂತೆಲೂ ಸಿಗ್ತದೆ. ಇಲ್ಲಿ ಬರೀತಿರೋದು ಆ ಸಾಮಾನುಗಳ ಬಗ್ಗೆ, ಒಂದು ಅಂಗಡಿ ಬಗ್ಗೆ ಅಲ್ಲ.

ಒಂದು ವಿಷಯ ಮಾತ್ರ ಮುಂಚೆ ಹೇಳ್ಬೇಕು, ಯಾಕಂದ್ರೆ ಎಲ್ರೂ ಕೇಳೋದು "ಹುಣಸೆ ಬದ್ಲು ಮುರುಗಲು ಎಷ್ಟು ಹಾಕ್ಬೇಕು" ಅಂತ ಅಳತೆನೇ. ಅಳತೆ ಆಮೇಲಿಂದು. ಮೊದ್ಲು ಆ ಅಡುಗೆಲಿ ಹುಣಸೆ ಏನು ಕೆಲಸ ಮಾಡ್ತಾ ಇದೆ ನೋಡಿ. ಬರೀ ಹುಳಿ ಕೊಡ್ತಾ ಇದ್ಯಾ, ಸಾರಿಗೆ ಮಂದ ಕೊಡ್ತಾ ಇದ್ಯಾ, ಬಣ್ಣ ಕೊಡ್ತಾ ಇದ್ಯಾ, ಎಣ್ಣೆಲಿ ಕುದ್ದು ಗೊಜ್ಜಾಗ್ತಾ ಇದ್ಯಾ. ಒಂದೇ ಕೆಲಸ ಇದ್ರೆ ಬದ್ಲಿ ಸಾಮಾನು ಒಂದು ಸಾಕು. ಎರಡು ಮೂರು ಕೆಲಸ ಇದ್ರೆ ಬದ್ಲಿನೂ ಎರಡು ಮೂರು ಬೇಕು. ಕೆಳಗೆ ಹೇಳಿದ್ದೆಲ್ಲ ಇದರ ಮೇಲೇ ನಿಂತಿದೆ.

ಮುರುಗಲಿಂದ ಶುರು ಮಾಡ್ತೇನೆ, ಅದ್ರ ಬಗ್ಗೆನೇ ಹೇಳೋದು ಜಾಸ್ತಿ. ಏಪ್ರಿಲ್ ಮೇ ತಿಂಗಳಲ್ಲಿ ಹಣ್ಣಾದಾಗ ಕೊಯ್ದು, ಬೀಜ ತಿರುಳು ತೆಗ್ದು, ಸಿಪ್ಪೆನ ಬಿಸಿಲಿಗೆ ಹಾಕಿ, ಅದೇ ಹಣ್ಣಿನ ರಸದಲ್ಲಿ ಅದ್ದಿ ಮತ್ತೆ ಒಣಗ್ಸಿ, ಹೀಗೆ ಸುಮಾರು ಸಲ ಮಾಡ್ತಾರೆ. ಎಷ್ಟು ಸಲ ಅದ್ದಿದ್ರೆ ಅಷ್ಟು ಕಪ್ಪು, ಅಷ್ಟು ಹುಳಿ. ಒಂದೇ ಸಲ ಒಣಗ್ಸಿ ಮಾರೋ ಸಿಪ್ಪೆನೂ ಪೇಟೆಲಿ ಅದೆ, ಕಂದು ಬಣ್ಣ, ಗರಿಗರಿ, ಹಿಡಿ ತುಂಬ ಹಾಕಿದ್ರೂ ಸಾರಿಗೆ ಹುಳಿ ಹತ್ತೋದಿಲ್ಲ. ಒಳ್ಳೇದು ಕಪ್ಪು ನೇರಳೆ ಇರ್ತದೆ, ಬಗ್ಗಿಸಿದ್ರೆ ಮುರಿಯೋದಿಲ್ಲ, ಬೆರಳಿಗೆ ಸ್ವಲ್ಪ ಅಂಟ್ತದೆ. ಮೇಲೆ ಬಿಳಿ ಕಂಡ್ರೆ ಹೆದರಬೇಡಿ, ಮುಟ್ಟಿ ನೋಡಿ. ಗಟ್ಟಿ ಹರಳು ಸಿಕ್ಕಿದ್ರೆ ಉಪ್ಪು, ಮೆತ್ತಗೆ ಹತ್ತಿ ಥರ ಇದ್ದು ಮುಗ್ಗಲು ವಾಸನೆ ಬಂದ್ರೆ ಬೂಷ್ಟು, ಅದನ್ನ ಅಲ್ಲೇ ವಾಪಸ್ ಕೊಡಿ.

ಉಪ್ಪಿನ ವಿಷಯ ನಂಗೆ ನಿಜವಾಗ್ಲೂ ಬೇಜಾರು ತರ್ಸಿದ್ದು. ಕೆಲವರು ಉಪ್ಪು ಹಾಕಿ ಒಣಗ್ಸ್ತಾರೆ, ಕೆಲವರು ಹಾಕೋದಿಲ್ಲ, ಎರಡೂ ಸರಿನೇ, ಆದ್ರೆ ಪ್ಯಾಕೆಟ್ ಮೇಲೆ ಬರೀಬೇಕಲ್ವಾ? ನಾನು ತಂದ ಒಂದು ಪ್ಯಾಕೆಟಲ್ಲಿ ಉಪ್ಪು ಎಷ್ಟಿತ್ತು ಅಂದ್ರೆ ಸಾರಿಗೆ ಬೇರೆ ಉಪ್ಪೇ ಬೇಡ, ಲೇಬಲ್ ಮೇಲೆ ಮಾತ್ರ ಅದರ ಸುದ್ದಿನೇ ಇಲ್ಲ. ಬಿಪಿ ಇರೋರ ಮನೆಲಿ ಇದು ಸಣ್ಣ ವಿಷಯ ಅಲ್ಲ. ಈಗ ನಾನು ಅಂಗಡಿಲೇ ಒಂದು ಚೂರು ಬಾಯಿಗೆ ಹಾಕ್ಕೊಂಡು ನೋಡಿ ತಗೊಳ್ಳೋದು. ಬಿಡಿ ಮಾರೋ ಕಡೆ ಯಾರೂ ಬೇಡ ಅನ್ನೋದಿಲ್ಲ. ಒಬ್ಬ ಹಿರಿ ಅಂಗಡಿಯವ್ರು ತಾವಾಗೇ "ತಂಗಿ, ಇದು ಹೋದ ವರ್ಷದ್ದು, ಈಗ ಸ್ವಲ್ಪ ಮಾತ್ರ ತಗೊ, ಮೇ ಕಳೀಲಿ ಹೊಸದು ಬರ್ತದೆ" ಅಂದ್ರು. ಅಂಥವ್ರ ಹತ್ರನೇ ನಾನು ಮತ್ತೆ ಮತ್ತೆ ಹೋಗೋದು.

ಇನ್ನು ಅಡುಗೆ. ಬೇಳೆ ಸಾರಿಗೆ, ತೊವ್ವೆಗೆ ಹುಣಸೆ ತೆಗ್ದು ಮುರುಗಲು ಹಾಕಿದ್ರೆ ಏನೂ ಕಮ್ಮಿ ಆಗೋದಿಲ್ಲ, ನಂಗೆ ಕೇಳಿದ್ರೆ ಹೊಟ್ಟೆಗೂ ಹಗುರ. ಲಿಂಬೆ ಗಾತ್ರದ ಹುಣಸೆ ಹೇಳಿದ ಕಡೆ ನಾನು ಒಳ್ಳೇ ಕಪ್ಪು ಸಿಪ್ಪೆ ಆರೇಳು ಹಾಕ್ತೇನೆ, ತೊಳ್ದು, ಬಿಸಿನೀರಲ್ಲಿ ಸ್ವಲ್ಪ ಹೊತ್ತು ನೆನ್ಸಿ ಆ ನೀರ್ನೂ ಸೇರ್ಸಿ. ಕುದಿ ಬಂದ್ಮೇಲೆ ಹಾಕಿ, ಹುಳಿ ಸಾಕು ಅನ್ಸಿದ ಕೂಡ್ಲೇ ಸಿಪ್ಪೆ ತೆಗೀಬೇಕು, ಇಲ್ಲಾಂದ್ರೆ ಬಿಡ್ತಾನೇ ಇರ್ತದೆ, ರಾತ್ರಿಗೆ ಇಟ್ಟ ಸಾರು ಮಧ್ಯಾಹ್ನಕ್ಕಿಂತ ಹುಳಿ ಆಗಿರ್ತದೆ. ಕಬ್ಬಿಣದ ಬಾಣ್ಲೆ ಬೇಡ, ಸಾರು ಕಪ್ಪಾಗಿ ಕಬ್ಬಿಣದ ರುಚಿ ಬರ್ತದೆ, ಮಣ್ಣಿನ ಮಡಕೆ ಇಲ್ಲಾ ಸ್ಟೀಲು ಸಾಕು.

ಸಾಂಬಾರಲ್ಲಿ ಅರ್ಧ ಮಾರ್ಕು. ಹುಳಿ ಸರಿ ಬರ್ತದೆ, ಆದ್ರೆ ಹುಣಸೆ ತಿರುಳು ಕೊಡೋ ಮಂದ ಬರೋದಿಲ್ಲ, ತೆಳ್ಳಗೆ ನೀರಾಗಿ ಕಾಣ್ತದೆ. ಬೇಳೆ ಒಂದು ಮುಷ್ಟಿ ಜಾಸ್ತಿ ಹಾಕಿದ್ರೆ, ಇಲ್ಲಾ ಮಸಾಲೆ ಜೊತೆ ಕಾಯಿ ಸ್ವಲ್ಪ ಹೆಚ್ಚು ರುಬ್ಬಿದ್ರೆ ಸರಿ ಹೋಗ್ತದೆ. ಪುಳಿಯೋಗರೆ ಗೊಜ್ಜಿಗೆ ಮಾತ್ರ ಮುರುಗಲು ಹಾಕ್ಲೇಬೇಡಿ, ಅಲ್ಲಿ ಹುಣಸೆ ಅಂದ್ರೆ ಹುಳಿ ಅಲ್ಲ, ಗೊಜ್ಜೇ ಅದು, ಎಣ್ಣೆ ಬಿಡೋ ತನಕ ಕಾಯ್ಸೋಕೆ ತಿರುಳು ಬೇಕಲ್ಲ, ಮುರುಗಲಲ್ಲಿ ಅದೆಲ್ಲಿಂದ ಬರ್ಬೇಕು. ಗೋವಾ ಕಡೆ ವಿಂದಾಲೂಗೆ ವಿನೆಗರ್ ಬದ್ಲು ಹಾಕಿದ್ರೂ ಹಾಗೇ. ವಿನೆಗರಿನ ಆ ಮೂಗಿಗೆ ಹೊಡೆಯೋ ಖಾರ ಮುರುಗಲಲ್ಲಿ ಇಲ್ಲ, ಸಾರು ಚೆನ್ನಾಗೇ ಇರ್ತದೆ, ಆದ್ರೆ ಅದು ನಮ್ಮ ಮನೆ ಸಾರು, ವಿಂದಾಲೂ ಅಲ್ಲ.

ನಂಗೆ ತುಂಬಾ ಖುಷಿ ಕೊಟ್ಟಿದ್ದು ಟೊಮೆಟೊ ಬದ್ಲಿ. ಮಳೆಗಾಲದಲ್ಲಿ ಟೊಮೆಟೊ ರೇಟು ಏರ್ದಾಗ ಪಾವ್‌ಭಾಜಿ, ಮೊಟ್ಟೆ ಕರಿ ಎಲ್ಲ ನಿಂತೇ ಹೋಗ್ತದೆ ಅಲ್ವಾ. ಟೊಮೆಟೊ ಮಾಡೋ ಕೆಲಸ ಹುಳಿ ಒಂದೇ ಅಲ್ಲ, ಮೈ ತುಂಬ್ಕೊಳ್ಳೋ ಗ್ರೇವಿ, ಸಿಹಿ, ಕೆಂಪು ಬಣ್ಣ ಎಲ್ಲ ಅದ್ರದ್ದೇ. ಅದಕ್ಕೆ ಸಿಹಿಗುಂಬಳಕಾಯಿ ಬೇಯ್ಸಿ ರುಬ್ಬಿ ಗ್ರೇವಿಗೆ ಹಾಕ್ದೆ, ಹುಳಿಗೆ ಮುರುಗಲು ನೆನ್ಸಿದ ನೀರು, ಬಣ್ಣಕ್ಕೆ ಬ್ಯಾಡಗಿ ಮೆಣಸಿನ ಪುಡಿ. ಕುಂಬಳ ಅಂತ ಗೊತ್ತಾಗ್ಬಾರ್ದು ಅಂದ್ರೆ ಈರುಳ್ಳಿ ಚೆನ್ನಾಗಿ ಕೆಂಪಗೆ ಹುರ್ದ ಮೇಲೇ ಕುಂಬಳ ಹಾಕಿ, ಹಸಿ ವಾಸನೆ ಹೋಗೋ ತನಕ ಬಾಡ್ಸಿ, ಮುರುಗಲ ನೀರು ಕೊನೆಗೆ. ಪಾವ್‌ಭಾಜಿಗೆ ಇದು ಎಷ್ಟು ಒಪ್ತು ಅಂದ್ರೆ ಟೊಮೆಟೊ ಅಗ್ಗ ಆದ್ಮೇಲೂ ಮಗಳು "ಅಮ್ಮ, ಆ ಕುಂಬಳದ್ದೇ ಮಾಡು" ಅಂತಾಳೆ. ಮೊಟ್ಟೆ ಕರಿಗೂ ಆಗ್ತದೆ. ಪಾಸ್ತಾಗೆ ಸುಮಾರು, ಮುರುಗಲ ವಾಸನೆ ಎದ್ದು ಕಾಣ್ತದೆ, ಬೆಳ್ಳುಳ್ಳಿ ಜಾಸ್ತಿ ಹಾಕಿದ್ರೆ ತಿನ್ಬಹುದು.

ಅರಬ್ಬಿ ಅಡುಗೆಲಿ ಸಲಾಡ್ ಮೇಲೆ ಹಾಕೋ ದಾಳಿಂಬೆ ಸಿರಪ್ ಉಂಟಲ್ಲ, ಅದಕ್ಕೆ ಮುರುಗಲು ನೆನ್ಸಿದ ದಪ್ಪ ನೀರಿಗೆ ಜೋನಿಬೆಲ್ಲ ಹಾಕಿ ಸಣ್ಣ ಉರೀಲಿ ಅಂಟು ಬರೋ ತನಕ ಕಾಯ್ಸಿ ಬಾಟ್ಲಿಗೆ ಹಾಕಿಟ್ಟಿದೇನೆ. ಸೌತೆಕಾಯಿ, ಈರುಳ್ಳಿ, ಪುದೀನದ ಮೇಲೆ ಹಾಕಿದ್ರೆ ಆಹಾ. ಬದ್ಲಿ ಅನ್ನೋದೇ ಬೇಡ, ಇದೇ ಒಂದು ಬೇರೆ ಸಾಮಾನು ಅಂತ ಇಟ್ಕೊಳ್ಳಿ.

ಎರಡು ಎಚ್ಚರಿಕೆ. ಹಾಲಿಗೆ ಮುರುಗಲು ಸೇರ್ಸಿದ್ರೆ ಒಡೀತದೆ, ಅದಕ್ಕೇ ಸೋಲ್ ಕಢಿಗೆ (ಊಟದ ಜೊತೆ ಕುಡಿಯೋ ಮುರುಗಲ ಕಢಿ) ತೆಂಗಿನ ಹಾಲು, ಅದನ್ನೂ ಕುದಿಸೋದಿಲ್ಲ ನಾವು, ತಣ್ಣಗೇ ಬೆರ್ಸೋದು. ಮತ್ತೆ ಅಡುಗೆ ಸೋಡಾ ಇರೋ ಕೇಕಿಗೆ, ಮಫಿನ್ನಿಗೆ ಮುರುಗಲ ರಸ ಹಾಕಿ ಗುಲಾಬಿ ಬಣ್ಣ ಬರ್ತದೆ ಅಂತ ಕಾಯ್ಬೇಡಿ. ಹುಳಿ ಇರೋ ತನಕ ಅದು ಕೆಂಪು, ಸೋಡಾ ಬಿತ್ತು ಅಂದ್ರೆ ನೀಲಿ ಬೂದಿ ಕಡೆ ತಿರುಗ್ತದೆ. ಜೆಲ್ಲಿಗೆ, ಶರಬತ್ತಿಗೆ, ಐಸ್ ಕ್ಯಾಂಡಿಗೆ ಹಾಕಿ, ಅಲ್ಲಿ ಬಣ್ಣ ನೋಡೋಕೇ ಚಂದ.

ಉಪ್ಪಾಗೆ. ಇದ್ರ ಬಗ್ಗೆ ಹೇಳ್ಲೇಬೇಕು, ಯಾಕಂದ್ರೆ ಕಾರವಾರದಲ್ಲಿ ಎಷ್ಟೋ ಜನ ಕೇರಳ ಮೀನು ಕರಿ ಮಾಡೋಕೆ ಅಂತ ಕುಡಂಪುಳಿನ ಆನ್‌ಲೈನಲ್ಲಿ ತರ್ಸ್ತಾರೆ. ಕುಡಂಪುಳಿ ಅಂದ್ರೆ ನಮ್ಮ ಶಿರಸಿ ಸಿದ್ದಾಪುರ ಕಾಡಿನ ಉಪ್ಪಾಗೆನೇ, ಒಂದೇ ಜಾತಿ ಮರ, ಮುರುಗಲಿಗೆ ದಾಯಾದಿ. ಮುರುಗಲು ಬೇಸ್ಗೆಲಿ ಹಣ್ಣಾದ್ರೆ ಇದು ಮಳೆಗಾಲದಲ್ಲಿ ಹಣ್ಣಾಗೋದು, ಬಿಸಿಲೇ ಇರೋದಿಲ್ಲವಲ್ಲ, ಅದಕ್ಕೆ ಒಲೆ ಮೇಲೆ ಹೊಗೇಲಿ ಒಣಗ್ಸ್ತಾರೆ, ಆ ಹೊಗೆ ವಾಸನೆನೇ ಮೀನು ಕರಿಗೆ ಬೇಕಾದ್ದು. 1990ರ ದಶಕದಲ್ಲಿ ತೂಕ ಇಳ್ಸೋ ಮಾತ್ರೆಗೆ ಅಂತ ಇದ್ರ ಸಿಪ್ಪೆಗೆ ಹೊರದೇಶದಿಂದ ಬೇಡಿಕೆ ಬಂದು ಕಾಡೆಲ್ಲ ಜಾಲಾಡಿ ಕೊಯ್ದ್ರು, ಕಾಯಿ ಎಳೇದಿದ್ದಾಗ್ಲೇ. ಈಗ ಅಡುಗೆಗೆ ಅಂತ ಕೇಳಿದ್ರೆ ಅಂಗಡಿಯವ್ರೇ "ಯಾವುದಕ್ಕೆ?" ಅಂತ ಕೇಳ್ತಾರೆ. ಬೇಜಾರಿನ ವಿಷಯ ಅದು, ಇಷ್ಟು ಒಳ್ಳೇ ಹುಳಿ ಕೈ ಹತ್ರ ಇಟ್ಕೊಂಡು ನಾವು ದೂರದಿಂದ ತರ್ಸೋದು.

ಅರ್ಧ ಕೆಜಿ ಮೀನಿಗೆ ಎರಡು ಮೂರು ಎಸಳು ಸಾಕು, ಬಿಸಿನೀರಲ್ಲಿ ಕಾಲು ಗಂಟೆ ನೆನ್ಸಿ, ಧೂಳು ಇರ್ತದೆ, ಚೆನ್ನಾಗಿ ತೊಳೀಬೇಕು. ಮುರುಗಲ ಥರ ಬೇಗ ತೆಗ್ಯೋದೇನೂ ಬೇಡ, ಮೀನಿನ ಜೊತೆ ಕುದೀಲಿ, ಮಾರ್ನೇ ದಿನಕ್ಕೆ ರುಚಿ ಕೂತಿರ್ತದೆ. ತಾರ್ಲೆಗೆ ಬಹಳ ಒಪ್ತದೆ, ಕೊಬ್ಬಿನ ಮೀನಿಗೆ ಹೊಗೆ ಹುಳಿ ಸೇರಿದ್ರೆ ಬೇರೆನೇ ರುಚಿ. ಸೋಲ್ ಕಢಿಗೆ, ಸಾರಿಗೆ, ಶರಬತ್ತಿಗೆ ಉಪ್ಪಾಗೆ ಬೇಡ, ಹೊಗೆ ಅಡ್ಡ ಬರ್ತದೆ. ಇದ್ರ ಬೀಜದಿಂದ ತೆಗ್ಯೋ ಉಪ್ಪಾಗೆ ತುಪ್ಪ ಅಂತ ಘಟ್ಟದ ಮೇಲಿನ ಹಳ್ಳಿ ಮನೆಗಳಲ್ಲಿ ಮಾಡ್ತಾರೆ, ನಮ್ಮ ಮನೆ ಮೇಲಿನ ಮಾಳಿಗೆಲಿರೋ ಶಿರಸಿ ಕಡೆ ಅಕ್ಕ ಒಂದು ಸಣ್ಣ ಡಬ್ಬಿ ಕೊಟ್ಟಿದ್ರು. ದೋಸೆಗೆ ಹಾಕ್ಕೊಂಡು ತಿಂದ್ವಿ, ಚೆನ್ನಾಗಿತ್ತು, ಬೆಣ್ಣೆ ಬದ್ಲು ಬಿಸ್ಕತ್ತಿಗೆ ಹಾಕೋ ಅಷ್ಟು ಸಿಗೋ ಸಾಮಾನಲ್ಲ ಅದು.

ವಾಟೆಹುಳಿ ಬಗ್ಗೆ ಘಟ್ಟದ ಮೇಲಿನವ್ರಿಗೆ ಹೇಳೋದೇ ಬೇಡ, ಆದ್ರೆ ಬೇರೆ ಕಡೆಯವ್ರಿಗೆ ಹೆಸ್ರೇ ಗೊತ್ತಿಲ್ಲ. ಹಲಸಿನ ಕುಟುಂಬದ ಮರ, ಅಂಕುಡೊಂಕು ಕಾಯಿ, ಹೋಳು ಮಾಡಿ ಒಣಗ್ಸ್ತಾರೆ. ಹುಳಿ ಇರ್ತದೆ, ಬಣ್ಣ ಇರೋದಿಲ್ಲ, ವಾಸನೆನೂ ಹೆಚ್ಚಿಲ್ಲ, ಅದೇ ಇದ್ರ ದೊಡ್ಡ ಗುಣ. ಕಾಯಿ ಚಟ್ನಿಗೆ ಹುಣಸೆ ಬದ್ಲು ಒಂದು ಹೋಳು ನೆನ್ಸಿ ಹಾಕಿ ರುಬ್ಬಿ, ಚಟ್ನಿ ಬೆಳ್ಳಗೇ ಇರ್ತದೆ. ಉತ್ತರದ ಕಡೆ ಅಡುಗೆಗೆ ಆಮ್ಚೂರ್ (ಒಣ ಮಾವಿನಕಾಯಿ ಪುಡಿ) ಬೇಕು ಅಂತಾರಲ್ಲ, ಛೋಲೆಗೆ, ಬೆಂಡೆಕಾಯಿ ಫ್ರೈಗೆ, ಆಲೂ ಪರಾಠಾಗೆ, ಎಲ್ಲಾ ಕಡೆ ವಾಟೆಪುಡಿ ಸಮ ಅಳತೆ ಹಾಕ್ತೇನೆ, ಮೊದ್ಲು ಸ್ವಲ್ಪ ಕಮ್ಮಿ ಹಾಕಿ ರುಚಿ ನೋಡ್ಕೊಳ್ಳಿ, ಹೊಸ ಪುಡಿ ಖಡಕ್ ಇರ್ತದೆ. ಮಾವಿನ ವಾಸನೆ ಒಂದು ಇಲ್ಲ, ಉಳ್ದಿದ್ದೆಲ್ಲ ಸರಿ. ಆಮ್ಚೂರ್ ನಾನು ತರೋದೇ ಬಿಟ್ಟಿದೇನೆ. ಚಿತ್ರಾನ್ನಕ್ಕೆ ಲಿಂಬೆ ಬದ್ಲು ಹಾಕಿದ್ರೆ ಹುಳಿ ಬರ್ತದೆ, ಲಿಂಬೆಯ ಘಮ ಬರೋದಿಲ್ಲ, ಅದಕ್ಕೆ ಒಗ್ಗರಣೇಲಿ ಲಿಂಬೆ ಎಲೆ ಒಂದೆರಡು ಹರ್ದು ಹಾಕಿ ಆಮೇಲೆ ತೆಗೀರಿ.

ಪುಡಿ ತಗೊಳ್ಳೋದಕ್ಕಿಂತ ಹೋಳು ತಗೊಂಡು ಬೇಕಾದಷ್ಟೇ ಪುಡಿ ಮಾಡ್ಕೊಳ್ಳೋದು ಒಳ್ಳೇದು. ನಮ್ಮ ಕರಾವಳಿ ಮಳೆಗಾಲದಲ್ಲಿ ಪುಡಿ ಗಟ್ಟಿ ಕಲ್ಲಾಗಿ ಡಬ್ಬಿಗೆ ಹಿಡ್ಕೊಳ್ತದೆ, ಬಣ್ಣನೂ ಕಂದಾಗ್ತದೆ. ಹೋಳು ಗಾಜಿನ ಭರಣಿಲಿ ಇಟ್ರೆ ವರ್ಷ ಬರ್ತದೆ.

ಈಗ ಜೋನಿಬೆಲ್ಲ. ದೋಸೆಗೆ ತುಪ್ಪ ಜೋನಿ ಹಾಕ್ಕೊಂಡು ತಿನ್ನೋದು ಈ ಜಿಲ್ಲೆಲಿ ಯಾರಿಗೂ ಹೇಳ್ಕೊಡಬೇಕಾಗಿಲ್ಲ, ನಾನು ಹೇಳ್ತಿರೋದು ಸಕ್ರೆ, ಜೇನು, ಮೇಪಲ್ ಸಿರಪ್, ಬ್ರೌನ್ ಶುಗರ್ ಇವುಗಳ ಬದ್ಲು ಹಾಕೋದ್ರ ಬಗ್ಗೆ. ಅಚ್ಚು ಬೆಲ್ಲಕ್ಕೆ ಕಬ್ಬಿನ ಹಾಲನ್ನ 118 ಡಿಗ್ರಿ ಹತ್ರ ಕಾಯ್ಸ್ತಾರೆ, ಜೋನಿನ ಸುಮಾರು 105ಕ್ಕೇ ಇಳ್ಸ್ತಾರೆ, ಅಂದ್ರೆ ಅದ್ರಲ್ಲಿ ನೀರಿನ ಅಂಶ ಉಳ್ದಿರ್ತದೆ. ಈ ನೀರೇ ಅಡುಗೆಲಿ ಎಲ್ಲಾ ವ್ಯತ್ಯಾಸಕ್ಕೆ ಕಾರಣ.

ಬೆಣ್ಣೆ ಸಕ್ರೆ ಗೊಟಾಯ್ಸಿ ಮಾಡೋ ಮೆತ್ತನೆ ಸ್ಪಂಜ್ ಕೇಕಿಗೆ ಜೋನಿ ಆಗೋದಿಲ್ಲ. ಸಕ್ರೆ ಹರಳು ಬೆಣ್ಣೆ ಜೊತೆ ಉಜ್ಜಿದಾಗ್ಲೇ ಗಾಳಿ ಸೇರೋದು, ಪಾಕದಲ್ಲಿ ಹರಳೆಲ್ಲಿಂದ ಬರ್ಬೇಕು, ಕೇಕು ಕೂತ್ಬಿಡ್ತದೆ. ಬಾಳೆಹಣ್ಣಿನ ಕೇಕು, ರಾಗಿ ಕೇಕು, ಖರ್ಜೂರದ ಕೇಕು, ಶುಂಠಿ ಹಾಕಿದ ಕೇಕು, ಇವೆಲ್ಲ ಮೊದ್ಲೇ ಸ್ವಲ್ಪ ಭಾರ, ಇವಕ್ಕೆ ಜೋನಿ ಅಂದ್ರೆ ಸಕ್ರೆಗಿಂತ ನಾಲ್ಕು ಪಾಲು ಮೇಲೆ. ಒಂದು ಕಪ್ ಸಕ್ರೆ ಹೇಳಿದ ಕಡೆ ನಾನು ಮುಕ್ಕಾಲು ಕಪ್ ಜೋನಿ ಹಾಕಿ, ಹಾಲು ಇಲ್ಲಾ ಮೊಸರಲ್ಲಿ ಮೂರು ದೊಡ್ಡ ಚಮಚ ಕಡ್ಮೆ ಮಾಡ್ತೇನೆ. ಬೆಲ್ಲಕ್ಕೆ ಸ್ವಲ್ಪ ಹುಳಿ ಗುಣ ಇರೋದ್ರಿಂದ ಒಂದು ಚಿಟಿಕೆ ಅಡುಗೆ ಸೋಡಾ ಹಾಕಿದ್ರೆ ಉಬ್ಬೋಕೂ ಸಹಾಯ. ಮೇಲ್ಭಾಗ ಬೇಗ ಕೆಂಪಾಗ್ತದೆ, ಒಳಗೆ ಬೆಂದಿರೋದಿಲ್ಲ, ಅದಕ್ಕೆ ಓವನ್ ಬಿಸಿ ಒಂದು ಹಂತ ಇಳ್ಸಿ ಸ್ವಲ್ಪ ಹೊತ್ತು ಜಾಸ್ತಿ ಇಡಿ. ರಾಗಿ ಬಾಳೆಹಣ್ಣು ಜೋನಿ ಮೂರೂ ಸೇರಿದ ಕೇಕು ಮಾರ್ನೇ ದಿನ ಇನ್ನೂ ಮೆತ್ತಗಾಗಿರ್ತದೆ, ಜೋನಿ ಪಸೆ ಹಿಡ್ದಿಡ್ತದೆ. ಮನೆಗೆ ಬಂದ ನೆಂಟ್ರು ಅಂಗಡಿ ಕೇಕು ಬಿಟ್ಟು ಇದನ್ನೇ ಕಟ್ಟಿಸ್ಕೊಂಡು ಹೋಗಿದ್ದಾರೆ.

ಪಾಯಸಕ್ಕೆ ಹಾಕೋದಾದ್ರೆ ಹಾಲು ಕುದೀತಾ ಇರೋವಾಗ ಹಾಕ್ಬೇಡಿ, ಒಡೆಯೋದು ಗ್ಯಾರಂಟಿ, ಒಲೆಯಿಂದ ಇಳ್ಸಿ ಉಗುರು ಬೆಚ್ಚಗಾದ್ಮೇಲೆ ಸೇರ್ಸಿ. ಕಾಯಿಹಾಲಿನ ಪಾಯಸಕ್ಕೆ ಆ ಚಿಂತೆನೇ ಇಲ್ಲ. ಜಪಾನಿನವ್ರು ಮೀನಿಗೆ ಸೋಯಾ ಸಾಸು ಸಿಹಿ ವೈನು ಎಲ್ಲ ಸೇರ್ಸಿ ಹೊಳಪು ಬರೋ ಹಾಗೆ ಮಾಡ್ತಾರಲ್ಲ, ಅದನ್ನ ಸೋಯಾ, ಜೋನಿ, ಶುಂಠಿ ರಸ, ಒಂದು ಚೂರು ವಾಟೆಪುಡಿ ಹಾಕಿ ಇಸ್ವಾಣದ ತುಂಡಿಗೆ ಮಾಡ್ದೆ, ಕೊನೆ ಎರಡು ನಿಮಿಷ ಮಾತ್ರ ಜೋನಿ ಹಾಕ್ಬೇಕು, ಮೊದ್ಲೇ ಹಾಕಿದ್ರೆ ಹತ್ತಿಕೊಂಡು ಕಹಿ. ಬಹಳ ಚೆನ್ನಾಗಿ ಬಂತು, ಅನ್ನದ ಜೊತೆಗೂ ಆಗ್ತದೆ. ಚಿಕ್ಕಿಗೆ, ಎಳ್ಳುಂಡೆಗೆ ಜೋನಿ ಬೇಡ, ಗಟ್ಟಿ ಪಾಕ ಬರೋ ತನಕ ಕಾಯ್ಸಿದ್ರೆ ತಳ ಹಿಡೀತದೆ, ಅಲ್ಲಿ ಅಚ್ಚು ಬೆಲ್ಲನೇ ಸರಿ.

ಗುಣಮಟ್ಟದ ವಿಷಯದಲ್ಲಿ ಜೋನಿಲಿ ಮೋಸ ಹೋಗೋ ಚಾನ್ಸ್ ಜಾಸ್ತಿ. ಚಮಚದಲ್ಲಿ ಎತ್ತಿ ಬಿಟ್ರೆ ಎಳೆ ಎಳೆಯಾಗಿ ಇಳೀಬೇಕು, ಟಪಟಪ ಅಂತ ಹನಿ ಬಿದ್ರೆ ಕಾಯಿಸಿದ್ದು ಕಡ್ಮೆ, ಅಂಥದ್ದು ಮಳೆಗಾಲ ಬರೋದ್ರೊಳಗೆ ನೊರೆ ಬಂದು ಹುಳಿ ವಾಸನೆ ಹೊಡೀತದೆ. ತಳದಲ್ಲಿ ಹರಳು ಕಟ್ಟಿದ್ರೆ ಅದು ಕೆಟ್ಟಿದ್ದಲ್ಲ, ಬಾಟ್ಲಿನ ಬಿಸಿನೀರಲ್ಲಿ ಇಟ್ರೆ ಕರಗ್ತದೆ. ಆ ಹರಳು ನೋಡಿ ಸಕ್ರೆ ಬೆರ್ಸಿದ್ದಾರೆ ಅಂತ ಅಂಗಡಿಯವ್ರ ಮೇಲೆ ಕೂಗಾಡೋರನ್ನ ನೋಡಿದೇನೆ, ಪಾಪ, ಒಳ್ಳೇ ಜೋನಿಲೂ ಹರಳು ಕಟ್ತದೆ. ತೀರಾ ಹಳದಿಯಾಗಿ ಬೆಳಗ್ತಾ ಇದ್ರೆ ಮಾತ್ರ ಕೇಳಿ, ಬೆಲ್ಲದ ಬಣ್ಣ ತಿಳಿ ಮಾಡೋಕೆ ಹೈಡ್ರೋಸ್ ಅನ್ನೋ ಕೆಮಿಕಲ್ ಹಾಕೋದುಂಟು. ಕಂದು ಬಣ್ಣದ್ದೇ ನಂಬಿಕೆ. ಬಸ್ ಸ್ಟ್ಯಾಂಡ್ ಹತ್ರ ಟೂರಿಸ್ಟರಿಗೆ ಅಂತ ಚಂದದ ಬಾಟ್ಲಿಲಿ ಮಾರೋದನ್ನ ಒಂದ್ಸಲ ತಂದೆ, ರೇಟು ಡಬಲ್, ಪ್ಯಾಕ್ ಮಾಡಿದ ತಾರೀಖು ಇಲ್ಲ, ತೆರ್ದಾಗ್ಲೇ ಸಣ್ಣ ಹೆಂಡದ ವಾಸನೆ. ಪೇಟೆ ಒಳಗೆ ಡಬ್ಬದಿಂದ ಅಳ್ದು ಕೊಡೋರ ಹತ್ರ ಅರ್ಧ ರೇಟಿಗೆ ಅದಕ್ಕಿಂತ ಒಳ್ಳೇದು ಸಿಗ್ತದೆ, ನಮ್ಮ ಪಾತ್ರೆ ತಗೊಂಡು ಹೋದ್ರೆ ಆಯ್ತು.

ತೆಪ್ಪಲ, ಕೆಲವರು ಜುಮ್ಮನಕಾಯಿ ಅಂತಾರೆ. ಕಾರವಾರ ಅಂಕೋಲಾ ಕಡೆ ಬಂಗಡೆ ಸಾರು ತೆಪ್ಪಲ ಇಲ್ದೆ ಮಾಡಿದ್ರೆ ಊಟಕ್ಕೆ ಕೂತವ್ರು ಮುಖ ನೋಡ್ತಾರೆ. ನಾನು ಇದನ್ನ ಹಾಕಿದ್ದು ಚೀನಾದ ಸಿಚುವಾನ್ ಅಡುಗೆಗೆ. ಅಲ್ಲಿನ ನಾಲಿಗೆ ಜುಂ ಅನ್ನೋ ಕಾಳು ಮತ್ತೆ ನಮ್ಮ ತೆಪ್ಪಲ ಎರಡೂ ಜಾಂತೋಜೈಲಮ್ ಅನ್ನೋ ಒಂದೇ ಗುಂಪಿನ ಗಿಡಗಳದ್ದು. ನಮ್ಮ ಪೇಟೆಲಿ ಶೆಜ್ವಾನ್ ಅಂತ ಮಾರೋ ಕೆಂಪು ಸಾಸಲ್ಲಿ ಹೆಚ್ಚಾಗಿ ಬ್ಯಾಡಗಿ, ಬೆಳ್ಳುಳ್ಳಿ ಅಷ್ಟೇ, ಆ ಕಾಳು ಇರೋದೇ ಇಲ್ಲ. ಕಪ್ಪು ಬೀಜ ತೆಗ್ದು ಸಿಪ್ಪೆ ಮಾತ್ರ ಇಟ್ಕೊಳ್ಳಿ, ಬೀಜ ಮರಳಿನ ಹಾಗೆ ಹಲ್ಲಿಗೆ ಸಿಗ್ತದೆ. ಸಿಪ್ಪೆನ ಒಣ ಬಾಣ್ಲೇಲಿ ಸ್ವಲ್ಪ ಬಿಸಿ ಮಾಡಿ ಕುಟ್ಟಿ, ರೆಸಿಪಿಲಿ ಹೇಳಿದ್ರ ಅರ್ಧ ಮಾತ್ರ ಹಾಕಿ, ನಮ್ದು ಜೋರು. ಪನೀರು, ಮೆಣಸು, ಬೆಳ್ಳುಳ್ಳಿ ಹಾಕಿ ಮಾಡಿದ್ದು ನಂಗೂ ಮಗಳಿಗೂ ಹಿಡಿಸ್ತು, ಮನೆಯವ್ರಿಗೆ ಹಿಡಿಸ್ಲಿಲ್ಲ, ಚೀನಾ ಅಡುಗೆಲಿ ಮೀನ್ ಸಾರಿನ ವಾಸನೆ ಬರ್ತದೆ ಅಂದ್ರು. ಬಾಲ್ಯದಿಂದ ಬಂಗಡೆ ಜೊತೆ ತಿಂದವ್ರಿಗೆ ಹಾಗೇ ಅನ್ಸೋದು ಸಹಜ. ನಮ್ಮ ಅತ್ತೆ ತೆಪ್ಪಲನ ಸಾರಿಗೆ ಹಾಕೋವಾಗ ಬರೀ ಜಜ್ಜಿ ಹಾಕೋದು, "ಮಸಾಲೆ ಜೊತೆಗೆ ಬೀಸ್ಬೇಡ ಮಾರಾಯ್ತಿ, ಕಹಿ ಆಗ್ತದೆ" ಅಂತಾರೆ, ಅದು ನೂರಕ್ಕೆ ನೂರು ನಿಜ, ಚೀನಾ ಅಡುಗೆಲೂ ನುಣ್ಣಗೆ ಪುಡಿ ಮಾಡಿ ಮೊದ್ಲೇ ಹಾಕಿದ್ರೆ ಕಹಿ ಬರ್ತದೆ, ಕೊನೆಗೆ ಮೇಲಿಂದ ಉದುರ್ಸಿ. ಹಳೇ ತೆಪ್ಪಲ ತಗೋಬೇಡಿ, ಒಂದನ್ನ ಬಾಯಿಗೆ ಹಾಕ್ಕೊಂಡ್ರೆ ನಾಲಿಗೆ ತುದಿ ಜುಂ ಅನ್ಬೇಕು, ಅನ್ಲಿಲ್ಲ ಅಂದ್ರೆ ಅದು ಬರೀ ಕಡ್ಡಿ.

ಇನ್ನು ಸಣ್ಣಪುಟ್ಟದ್ದು. ಸೂಜಿಮೆಣಸು ಥಾಯ್ ಅಡುಗೆಗೆ ಸರಿಯಾಗ್ತದೆ, ಖಾರಕ್ಕೆ ಖಾರ, ಘಮಕ್ಕೆ ಘಮ, ಜಾಸ್ತಿ ಹೇಳೋದೇನಿಲ್ಲ. ಬೇಸ್ಗೆಲಿ ಕುಮಟಾ ಹತ್ರ ಹೈವೇ ಬದಿ ಜಡೆ ಹೆಣ್ದು ನೇತು ಹಾಕಿರೋ ಈರುಳ್ಳಿ ಸಿಹಿ ಇರ್ತದೆ, ಸಲಾಡ್ ಬರ್ಗರಿಗೆ ಹಸಿ ಹಾಕೋಕೆ ಇದ್ರಷ್ಟು ಒಳ್ಳೇದು ಬೇರೆ ಇಲ್ಲ, ಆದ್ರೆ ಬಿರಿಯಾನಿಗೆ ಕರಿದು ಹಾಕೋಕೆ ನಂಗೆ ಗಟ್ಟಿ ಖಾರದ ಈರುಳ್ಳಿನೇ ಇಷ್ಟ. ಗೋಕರ್ಣ ಹತ್ರದ ಸಾಣಿಕಟ್ಟಾ ಉಪ್ಪು ಬಳ್ಸೋರು ಒಂದು ನೆನಪಿಡಿ, ಕೇಕು ಬ್ರೆಡ್ಡಿನ ರೆಸಿಪಿಲಿ ಒಂದು ಟೀ ಚಮಚ ಅಂದ್ರೆ ಪುಡಿ ಉಪ್ಪು, ಸುಮಾರು 6 ಗ್ರಾಂ. ನಮ್ಮ ಹರಳುಪ್ಪು ಅದೇ ಚಮಚದಲ್ಲಿ ತೂಕ ಕಮ್ಮಿ ಬರ್ತದೆ, ಮಧ್ಯ ಗಾಳಿ ಇರ್ತದಲ್ಲ, ಒಂದೋ ಕುಟ್ಟಿ ಹಾಕಿ ಇಲ್ಲಾ ತೂಕ ಮಾಡಿ ಹಾಕಿ. ಉಪ್ಪಿನಕಾಯಿಗೆ, ಮೀನಿಗೆ ಸವರೋಕೆ ಅದೇ ಹರಳುಪ್ಪು ಬಿಟ್ಟು ನಾನು ಬೇರೆ ಮುಟ್ಟೋದಿಲ್ಲ.

ಮಾರೋರಿಗೆ ಒಂದು ಮಾತು, ಬೈಯೋಕಲ್ಲ, ಪ್ರೀತಿಯಿಂದ. ಇಷ್ಟು ಒಳ್ಳೇ ಸಾಮಾನು, ಹಳ್ಳಿ ಮನೆ ಹೆಂಗಸರು ಬಿಸಿಲಲ್ಲಿ ಹೊಗೇಲಿ ಕೂತು ಮಾಡಿದ್ದು, ಅದನ್ನ ಬರೀ ಪ್ಲಾಸ್ಟಿಕ್ ಕವರಲ್ಲಿ ಹಾಕಿ ಸ್ಟೇಪಲ್ ಹೊಡ್ದು ಮಾರಿದ್ರೆ ನಮ್ಮ ಕರಾವಳಿ ಹವಾಕ್ಕೆ ಎರಡು ತಿಂಗಳಲ್ಲಿ ಹಾಳಾಗ್ತದೆ. ಯಾವ ತಿಂಗಳು ಒಣಗ್ಸಿದ್ದು, ಉಪ್ಪು ಹಾಕಿದ್ದೋ ಇಲ್ವೋ, ಬಿಸಿಲಲ್ಲೋ ಹೊಗೇಲೋ, ಇಷ್ಟು ಮೂರು ಸಾಲು ಪೆನ್ನಲ್ಲಿ ಬರ್ದು ಅಂಟ್ಸಿದ್ರೂ ಸಾಕು, ನಾನು ಹತ್ತು ರೂಪಾಯಿ ಜಾಸ್ತಿ ಕೊಟ್ಟು ತಗೊಳ್ತೇನೆ.

ಮೊದಲ ಸಲ ತಗೊಳ್ಳೋರು ವಾಟೆ ಹೋಳು ಕಾಲು ಕೆಜಿ, ಉಪ್ಪಾಗೆ ನೂರು ಗ್ರಾಂ, ಇವೆರಡೂ ಯಾವಾಗ ಬೇಕಾದ್ರೂ ತನ್ನಿ. ಮುರುಗಲು ಜೂನ್ ಶುರುವಿನಲ್ಲಿ ತಂದ್ರೆ ಆ ವರ್ಷದ್ದೇ ಸಿಗ್ತದೆ, ಜೋರು ಮಳೆ ಹಿಡಿಯೋದ್ರೊಳಗೆ ಬಿಗಿ ಮುಚ್ಚಳದ ಭರಣಿಗೆ ಹಾಕಿಡಿ. ಜೋನಿಗೆ ಫೆಬ್ರವರಿ ಮಾರ್ಚಲ್ಲಿ ಹೋಗಿ, ಆಲೆಮನೆ ನಡೀತಿರೋ ಹೊತ್ತು, ಬಿಸಿ ಜೋನಿ ರುಚಿ ನೋಡಿಯೇ ಡಬ್ಬಿ ತುಂಬ್ಸಿಕೊಂಡು ಬರ್ಬಹುದು.